ಮೀನಿಗೆ ಸೊಪ್ಪು ಕೊಯ್ಯಲು ಹೋದದ್ದು

ಕುಮಟೆಯಂಥ ಊರಿನಲ್ಲಿ ಮನೆ ಮಾಡಿಕೊಂಡವನಿಗೆ ಬೆಂಗಳೂರಿನ ನೆಂಟರು ಏನೇನು ಕೇಳುತ್ತಾರೆ ಅನ್ನುವುದು ಬಾಯಿಪಾಠ ಆಗಿರುತ್ತದೆ. ಅಪ್ಪೆಮಿಡಿ ಸಿಕ್ಕೀತೇ? ಜೋನಿಬೆಲ್ಲ ಒಂದು ಡಬ್ಬ ಇದ್ದೀತೇ? ಬರುವಾಗ ಸಿಹಿ ಈರುಳ್ಳಿಯ ಜಡೆ ಎರಡು ಹಿಡಿದುಕೊಂಡು ಬಾ. ಇಪ್ಪತ್ತು ವರ್ಷದಿಂದ ಪಟ್ಟಿ ಇಷ್ಟೇ. ಹೀಗಿರುವಾಗ ಅಕ್ಕನ ಗಂಡ ಒಂದು ರಾತ್ರಿ ಫೋನು ಮಾಡಿ, "ನಿಮ್ಮಲ್ಲಿ ಬಂಡೆ ಮೇಲೆ ಪಾಚಿ ಚೆನ್ನಾಗಿ ಬೆಳೆದಿದೆಯಾ ಈಗ?" ಅಂದರೆ ಏನಂತ ತಿಳಿದುಕೊಳ್ಳುವುದು?

"ಬೆಳೆದಿದೆ. ಯಾರು ಜಾರಿ ಬಿದ್ದರು?" ಅಂದೆ.

"ಬಿದ್ದದ್ದಲ್ಲ ಭಾವ. ಮೀನಿಗೆ ಬೇಕಿತ್ತು."

ಈ ಮೀನಿನ ಪೂರ್ವೋತ್ತರ ಸ್ವಲ್ಪ ಹೇಳಬೇಕು. ನಮ್ಮ ಭಾವನದು ಮೂರು ತಲೆಮಾರಿನಿಂದ ಮೀನು ಮುಟ್ಟದ ಮನೆ. ಸಿದ್ದಾಪುರದ ಕಡೆಯ ಅಡಿಕೆ ತೋಟದವರು. ಸೊಪ್ಪು ಎಂದರೆ ಜೀವ. ಕಾಲಿಗೆ ಸಿಕ್ಕ ಎಲೆಯನ್ನೆಲ್ಲ ತಂಬುಳಿ ಮಾಡಿ ನೋಡಿದ ಮನೆತನ. ಭಾವನ ಮಗಳಿಗೆ ಡೋರಿ ಎಂಬ ನೀಲಿ ಮೀನಿನ ಹುಚ್ಚು ಹಿಡಿದದ್ದು 2016ರ ಸಿನಿಮಾದಿಂದ. ಅವಳು ಆ ಹುಚ್ಚಿನಿಂದ ಆರು ತಿಂಗಳಲ್ಲಿ ಹೊರಬಂದಳು. ಅಪ್ಪ ಬರಲಿಲ್ಲ. ಈಗ ಅವನ ಹಾಲಿನಲ್ಲಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ ಕೂತಿದೆ. ಅದರೊಳಗೆ ಹತ್ತಿರ ಹತ್ತಿರ 680 ಲೀಟರು ಉಪ್ಪುನೀರು. ಸೋಫಾ ಬಾಲ್ಕನಿಗೆ ಹೋಗಿದೆ. ನೆಂಟರು ನಿಂತೇ ಮಾತಾಡಿ ಹೋಗುತ್ತಾರೆ.

ಮೀನು ಡೋರಿ ಅಲ್ಲ, ಡೋರಿಯ ದಾಯಾದಿ. ಪೌಡರ್ ಬ್ಲೂ ಟ್ಯಾಂಗ್ ಎಂದು ಹೆಸರು. ಹಿಂದೂ ಮಹಾಸಾಗರದ್ದೇ ಮೀನು. ಲಕ್ಷದ್ವೀಪ, ಮಾಲ್ಡೀವ್ಸ್ ಕಡೆ ಹವಳದ ದಿಬ್ಬಗಳಲ್ಲಿ ಸಿಗುತ್ತದೆ. ಚಂದಕ್ಕೇನೂ ಕಡಿಮೆ ಇಲ್ಲ ಬಿಡಿ. ಮೈ ಬಾನಿನ ನೀಲಿ, ಬೆನ್ನ ರೆಕ್ಕೆ ಅರಿಶಿನ, ಮುಖ ಕಪ್ಪು, ಗಂಟಲ ಕೆಳಗೆ ಬಿಳಿ ಪಟ್ಟಿ. ಬಣ್ಣ ಬಳಿದುಕೊಂಡು ಯಕ್ಷಗಾನದ ಚೌಕಿಯಿಂದ ಈಗಷ್ಟೇ ಎದ್ದು ಬಂದ ವೇಷದಂತೆ ಕಾಣುತ್ತದೆ, ನಡಿಗೆಯಲ್ಲೂ ಅದೇ ಗತ್ತು. ಬಾಲದ ಬುಡದಲ್ಲಿ ಎರಡೂ ಪಕ್ಕ ಮಡಚುಚೂರಿಯಂಥ ಒಂದೊಂದು ಮುಳ್ಳು; ಸಿಟ್ಟು ಬಂದರೆ ಬಿಚ್ಚಿ ಬೀಸುತ್ತದೆ. ಅದಕ್ಕೇ ಈ ಕುಲಕ್ಕೆ ಸರ್ಜನ್ ಮೀನು ಅಂತ ಹೆಸರು ಬಂದದ್ದು. ಚೂರಿ ಇಟ್ಟುಕೊಂಡೂ ಬದುಕುವುದು ಮಾತ್ರ ಸೊಪ್ಪಿನ ಮೇಲೆ. ಬೆಳಗಿನಿಂದ ಸಂಜೆಯ ತನಕ ಬಂಡೆಗೆ ಬಾಯಿ ಹಚ್ಚಿ ಪಾಚಿ ಮೇಯುವುದೇ ಕಸುಬು. ಕಡಲಿನಲ್ಲಿ ಡ್ಯಾಮ್ಸೆಲ್ ಎಂಬ ಪುಟ್ಟ ಮೀನುಗಳು ತಮ್ಮದೇ ಪಾಚಿ ತೋಟ ಮಾಡಿಕೊಂಡು ಬೇಲಿ ಕಾಯುತ್ತಿರುತ್ತವಂತೆ. ಸರ್ಜನ್ ಮೀನುಗಳು ಒಂದೊಂದಾಗಿ ಹೋದರೆ ಒದೆ ತಿನ್ನುತ್ತವೆ, ಹಿಂಡು ಕಟ್ಟಿಕೊಂಡು ನುಗ್ಗಿದರೆ ತೋಟ ನುಣ್ಣಗೆ. ನಮ್ಮ ಕಡೆ ಬಾಳೆತೋಟಕ್ಕೆ ಮಂಗ ಬಂದ ಹಾಗೆ.

ಮಗ ಮನೆಗೆ ಮೀನು ತಂದ ಸುದ್ದಿ ಊರಿಗೆ ಮುಟ್ಟಿದಾಗ ಅತ್ತೆ, ಎಂದರೆ ಭಾವನ ತಾಯಿ, ಎರಡು ದಿನ ಮಾತು ಬಿಟ್ಟಿದ್ದರಂತೆ. ಆಮೇಲೆ ಅಕ್ಕ ಫೋನಿನಲ್ಲಿ ಸಮಾಧಾನ ಹೇಳಿದಳು, ಅದು ಸೊಪ್ಪು ತಿನ್ನುವ ಜಾತಿ, ತಿನ್ನುವುದಕ್ಕೆ ತಂದದ್ದಲ್ಲ, ತಿನ್ನಿಸುವುದಕ್ಕೆ ತಂದದ್ದು ಎಂದು. "ಸೊಪ್ಪು ತಿಂತಡನಾ?" ಅಂದರಂತೆ ಅತ್ತೆ, "ಹಂಗಾರೆ ಅಡ್ಡಿಲ್ಲೆ." ಅಲ್ಲಿಗೆ ಮೀನಿಗೆ ಆ ಮನೆಯಲ್ಲಿ ಪಂಕ್ತಿ ಸಿಕ್ಕಿತು. ಮುಂದಿನ ತಿಂಗಳು ಅತ್ತೆ ತಾವೇ ಬೆಂಗಳೂರಿಗೆ ಹೋಗಿ ಉಳಿದರು. ಮೊದಲು ಮಾಡಿದ ಕೆಲಸ ಎಂದರೆ ಬಾಲ್ಕನಿಯ ಬಳ್ಳಿಯಿಂದ ಒಂದು ಬಸಳೆ ಎಲೆ ಕೊಯ್ದು ತೊಟ್ಟಿಗೆ ಹಾಕಿದ್ದು. ಮೀನು ಮೂಸಿ ನೋಡಿ ಆಚೆ ಹೋಯಿತು. ಹೊಲದ ಸೊಪ್ಪು ಕಡಲ ಮೀನಿಗೆ ಹಬ್ಬದೂಟವಲ್ಲ; ಕಡಲ ಸೊಪ್ಪಿನಲ್ಲಿರುವ ಅಯೋಡಿನ್ನು ಬಸಳೆಯಲ್ಲಿ ಎಲ್ಲಿಂದ ಬರಬೇಕು? ಅತ್ತೆಗೆ ಅದೆಲ್ಲ ಬೇಡ. "ಬಸಳೆ ಸೇರ್ತಿಲ್ಯಡ, ದೊಡ್ಡ ಮನುಷ್ಯ!" ಅಂದು ಆ ಎಲೆ ತೆಗೆದು ಹುಳಿಗೆ ಹಾಕಿದರು.

ಅಷ್ಟರ ತನಕ ಈ ದೊಡ್ಡ ಮನುಷ್ಯ ತಿನ್ನುತ್ತಿದ್ದದ್ದು ನೋರಿ. ಜಪಾನಿನವರು ಅನ್ನ ಸುತ್ತುವ, ಕಾಗದದ ಹಾಗಿರುವ ಕಡುಹಸಿರು ಹಾಳೆ. ಅಂಟುಬಟ್ಟಲು ಇರುವ ಒಂದು ಪ್ಲಾಸ್ಟಿಕ್ ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸಿದರೆ ಮೀನು ಬಂದು ಹರಿದು ಹರಿದು ತಿನ್ನುತ್ತದೆ. ಎಣ್ಣೆ, ಉಪ್ಪು, ಮಸಾಲೆ ಏನೂ ಸೋಕಿರಬಾರದು. ಬರೀ ಸಪ್ಪೆ ಹಾಳೆಯೇ ಆಗಬೇಕು. ನಾನು ಒಮ್ಮೆ ಹೋಗಿದ್ದಾಗ ಭಾವ ಆ ಹಾಳೆಯನ್ನು ಕತ್ತರಿಯಲ್ಲಿ ಅಳತೆ ನೋಡಿ ಕತ್ತರಿಸಿ, ಬೆಳ್ಳುಳ್ಳಿ ರಸದಲ್ಲಿ ಅದ್ದಿ, ಎರಡು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಬಡಿಸಿದ. ಬೆಳ್ಳುಳ್ಳಿ ಬಾಯಿರುಚಿಗೆ ಅಂತೆ. ಅತ್ತೆ ಬೆಳ್ಳುಳ್ಳಿ ತಿನ್ನುವವರಲ್ಲ. ಅವರ ಮನೆಯಲ್ಲಿ ಮೊದಲು ಬೆಳ್ಳುಳ್ಳಿ ತಿಂದ ಪ್ರಾಣಿ ಎಂಬ ಕೀರ್ತಿ ಈ ಮೀನಿಗೆ ಸಲ್ಲಬೇಕು.

ನೋರಿಯ ಮಾತು ಬಂದದ್ದರಿಂದ ಒಂದು ಕತೆ. ಜಪಾನಿನವರು ಶತಮಾನಗಟ್ಟಲೆ ನೋರಿ ಬೆಳೆದರೂ ಅದರ ಬೀಜ ಎಲ್ಲಿಂದ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬಲೆ, ಕಡ್ಡಿ ನೆಟ್ಟು ಕಾಯುವುದು. ಬಂದರೆ ಬಂತು, ಇಲ್ಲದಿದ್ದರೆ ಆ ವರ್ಷ ಉಪವಾಸ. 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್ ಎಂಬ ಸಸ್ಯವಿಜ್ಞಾನಿ, ಆ ಪಾಚಿ ತನ್ನ ಬದುಕಿನ ಒಂದು ಪಾಲನ್ನು ಚಿಪ್ಪಿನೊಳಗೆ ಕೂದಲಿನಂಥ ಎಳೆಯಾಗಿ ಕಳೆಯುತ್ತದೆ ಎಂದು ಕಂಡುಹಿಡಿದಳು. ಅಲ್ಲಿಂದ ನೋರಿ ಕೃಷಿ ಕೈಗೆ ಬಂತು. ಆಕೆ ಜಪಾನಿಗೆ ಒಮ್ಮೆಯೂ ಹೋದವಳಲ್ಲ. ಆದರೂ ಕುಮಾಮೊಟೊ ಪ್ರಾಂತ್ಯದ ಉಟೊ ಎಂಬಲ್ಲಿ ಆಕೆಯ ಸ್ಮಾರಕ ಕಟ್ಟಿ, ಕಡಲ ತಾಯಿ ಎಂದು ಕರೆದು, ಪ್ರತಿ ಏಪ್ರಿಲ್ 14ಕ್ಕೆ ಹಬ್ಬ ಮಾಡುತ್ತಾರೆ. ಇಷ್ಟೆಲ್ಲ ಆದ ಹಾಳೆಯನ್ನು ನಮ್ಮ ಭಾವ ಕತ್ತರಿಸಿ ಮೀನಿಗೆ ಹಾಕುತ್ತಾನೆ ಎಂದು ಆ ತಾಯಿಗೆ ಗೊತ್ತಿದ್ದರೆ ಏನನ್ನುತ್ತಿದ್ದಳೋ.

ಆದರೆ ತೊಟ್ಟಿಯ ಮುಂದೆ ಕೂತು ನನಗೆ ಬಂದ ನಿಜವಾದ ಅನುಮಾನ ಬೇರೆ. ಭಾವ ಊಟಕ್ಕೆ ಮೊದಲು ಒಂದು ಅಯಸ್ಕಾಂತದ ಒರೆಸುಕಡ್ಡಿ ಹಿಡಿದು ಗಾಜಿನ ಒಳಮೈ ಉಜ್ಜುತ್ತಿದ್ದ. ಹಸಿರು ಹಸಿರು ಪುಡಿ ಏಳುತ್ತಿತ್ತು.

"ಅದೆಂತ ಉಜ್ಜುತ್ತಿದ್ದೀಯ?"

"ಪಾಚಿ. ದಿನಾ ಬೆಳೆಯುತ್ತದೆ, ದರಿದ್ರ."

"ಆ ಕೈಯಲ್ಲಿ ಹಿಡಿದದ್ದು?"

"ಇದಾ? ನೋರಿ."

"ಅಂದರೆ?"

ಭಾವ ಉತ್ತರ ಕೊಡಲಿಲ್ಲ. ಒಂದು ಕೈಯಿಂದ ಪಾಚಿ ಕೆರೆದು ಚೆಲ್ಲುವುದು, ಇನ್ನೊಂದು ಕೈಯಿಂದ ದುಡ್ಡು ಕೊಟ್ಟ ಪಾಚಿ ನೇತುಹಾಕುವುದು. ತಿಂದು ಬಿಟ್ಟ ನೋರಿ ಕೊಳೆತು ನೀರಿಗೆ ನೈಟ್ರೇಟು, ಫಾಸ್ಫೇಟು ಸೇರುತ್ತದೆ. ಅದನ್ನು ಉಂಡು ಗಾಜಿನ ಮೇಲೆ ಮತ್ತಷ್ಟು ಪಾಚಿ. ಅದನ್ನು ಕೆರೆಯಲು ಮತ್ತೊಂದು ಒರೆಸುಕಡ್ಡಿ. ಇದಕ್ಕೆ ಹವ್ಯಾಸ ಎಂದು ಹೆಸರು.

ಉಪ್ಪಿನದ್ದಂತೂ ಕೇಳಲೇಬೇಡಿ. ಕಡಲ ನೀರಿನ ಹದಕ್ಕೆ ಲೀಟರಿಗೆ 35 ಗ್ರಾಂ ಉಪ್ಪು ಬೇಕು. ಆ ತೊಟ್ಟಿಗೆ ಒಟ್ಟು 24 ಕಿಲೋ ಆಯಿತು. ಅದೂ ಹೊರದೇಶದಿಂದ ಬಕೆಟ್ಟಿನಲ್ಲಿ ಬರುವ ಉಪ್ಪು. "ಸಾಣಿಕಟ್ಟೆ ಉಪ್ಪು ಹಾಕಲೆ ಆಗ್ತಿಲ್ಯ?" ಎಂದು ಅತ್ತೆ ಕೇಳಿದರೆ ಆಗುವುದಿಲ್ಲ ಅಂದ. ಅವನ ಮಾತಿನಲ್ಲಿ ಹುರುಳಿದೆ. ಗದ್ದೆಯಲ್ಲಿ ಬಿಸಿಲಿಗೆ ಹರಳುಗಟ್ಟುವುದು ಮುಖ್ಯವಾಗಿ ಸೋಡಿಯಂ ಕ್ಲೋರೈಡು. ಮೆಗ್ನೀಸಿಯಂ ಮುಂತಾದವು ಬಹುಪಾಲು ಉಳಿದ ಕಹಿನೀರಿನಲ್ಲೇ ಹೋಗಿಬಿಡುತ್ತವೆ. ಮೀನಿಗೂ ಹವಳಕ್ಕೂ ಅವೆಲ್ಲ ಲೆಕ್ಕ ಹಿಡಿದು ಬೇಕು. ಅದೇನೋ ಸರಿ. ಆದರೆ 1930ರಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿ ಜನ ಜೈಲಿಗೆ ಹೋದ ಜಿಲ್ಲೆಯವನು ಬಕೆಟ್ಟಿಗೆ ವಿದೇಶಿ ಉಪ್ಪು ತರಿಸುವುದನ್ನು ನೋಡಿ ನನಗೆ ಸ್ವಲ್ಪ ಕಸಿವಿಸಿ ಆಯಿತು ಎಂದು ಇಲ್ಲಿ ದಾಖಲಿಸುತ್ತೇನೆ.

ಅಂಥವನಿಗೆ ಈಗ ಕಾಡಿನ ಸೊಪ್ಪಿನ ಆಸೆ, ಅಂದರೆ ಕಡಲಿನ ಕಾಡಿನದ್ದು. ತಾಜಾ, ಬಿಟ್ಟಿ, ಬೇರುಮಟ್ಟದ್ದು ಎಂದು ಫೋನಿನಲ್ಲಿ ಭಾಷಣ ಮಾಡಿದ. ಬೇರು ಅನ್ನುವ ಮಾತೇ ತಪ್ಪು; ಕಡಲಕಳೆಗೆ ಬೇರಿಲ್ಲ. ಬಂಡೆಗೆ ಹಿಡಿದು ನಿಲ್ಲಲು ಒಂದು ಹಿಡಿಕೆ ಇರುತ್ತದೆ ಅಷ್ಟೇ. ಊಟ ಮಾಡುವುದು ಮೈಯೆಲ್ಲ ಬಾಯಾಗಿ. ನೀರಿನಲ್ಲಿ ಏನಿದೆಯೋ ಅದನ್ನು ಮೈಯಿಂದಲೇ ಹೀರುತ್ತದೆ. ಈ ಮಾತು ಆಮೇಲೆ ಮುಖ್ಯ ಆಗುತ್ತದೆ, ನೆನಪಿಟ್ಟುಕೊಳ್ಳಿ.

ಶಿವರಾತ್ರಿಗೆ ಅವರೆಲ್ಲ ಗೋಕರ್ಣಕ್ಕೆ ಬಂದರು. ದೇವರು ನಿಮಿತ್ತ. ಶಿವರಾತ್ರಿಯ ಮರುದಿನ ಅಮಾವಾಸ್ಯೆ, ಅಮಾವಾಸ್ಯೆಗೆ ದೊಡ್ಡ ಇಳಿತ, ಇಳಿತಕ್ಕೆ ಬಂಡೆ ಬುಡದ ತನಕ ಬಯಲು: ಭಾವ ಪಂಚಾಂಗ ನೋಡಿಯೇ ರಜೆ ಹಾಕಿದ್ದ. ಕಾಲವೂ ಸರಿಯಾದದ್ದೇ. ಮಳೆಗಾಲದ ತೆರೆ ಬಂಡೆಗಳನ್ನು ಕೆರೆದು ಬೋಳು ಮಾಡಿರುತ್ತದೆ. ಮಳೆ ನಿಂತ ಮೇಲೆ ಚಿಗುರಿ ಚಳಿಗಾಲ ಕಳೆಯುವ ತನಕ ಸೊಂಪಾಗಿರುತ್ತದೆ. ಬೇಸಿಗೆ ಬಲಿತರೆ ಸುಟ್ಟು ಬೆಳ್ಳಗಾಗುತ್ತದೆ. ರಾತ್ರಿ ಜಾಗರಣೆ ಮುಗಿಸಿದ ಕಣ್ಣಿನಲ್ಲೇ ನಾವಿಬ್ಬರೂ ಬೆಳಗಿನ ಜಾವ ಬಂಡೆ ಹತ್ತಿದೆವು. ಭಾವನ ಕೈಯಲ್ಲಿ ಕತ್ತರಿ, ಬಕೆಟ್ಟು. ತಲೆಗೆ ಟಾರ್ಚು ಬೇರೆ ಕಟ್ಟಿಕೊಂಡಿದ್ದ.

ಮೊದಲು ಸಿಕ್ಕಿದ್ದು ಕಂದು ಬಣ್ಣದ ಉದ್ದನೆಯ ಕಳೆ, ಗಂಟು ಗಂಟಿಗೆ ಮೆಣಸಿನಕಾಳಿನಷ್ಟು ಗಾಳಿಗುಳ್ಳೆ. ಸರ್ಗಾಸಮ್. ಮೀನಿಗೆ ಅಷ್ಟಕ್ಕಷ್ಟೆ ಎಂದು ಭಾವ ಬಿಟ್ಟ. ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಸುಣ್ಣ ಬಳಿದುಕೊಂಡಂತಿದ್ದ ಪಡೈನ, ಅದೂ ಬೇಡ. ದ್ರಾಕ್ಷಿ ಗೊಂಚಲಿನಂಥ ಕಾಲರ್ಪ ಸಿಕ್ಕಿದಾಗ ಮಾತ್ರ ಅವನಿಗೆ ಮನೆಗೆ ಒಯ್ದು ನೆಟ್ಟೇಬಿಡುವ ಆಸೆ ಆಯಿತು. ಅದರ ಒಂದು ಅಣ್ಣತಮ್ಮ 1984ರಲ್ಲಿ ಮೊನಾಕೊದ ಕಡಲ ವಸ್ತುಸಂಗ್ರಹಾಲಯದ ಕೆಳಗೆ ಚಾಪೆಯಷ್ಟು ಜಾಗದಲ್ಲಿ ಕಂಡಿತ್ತು. ಅಕ್ವೇರಿಯಮ್ಮಿನಿಂದ ತಪ್ಪಿಸಿಕೊಂಡದ್ದು ಎನ್ನುತ್ತಾರೆ. ಆಮೇಲೆ ಮೆಡಿಟರೇನಿಯನ್ನಿನ ತಳವನ್ನು ಎಕರೆಗಟ್ಟಲೆ ನುಂಗಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ ಅದೇ ಕಳೆ ಎದ್ದಾಗ ಟಾರ್ಪಾಲು ಹೊದಿಸಿ ಒಳಗೆ ಕ್ಲೋರಿನ್ ಬಿಟ್ಟು ಕೊಲ್ಲಬೇಕಾಯಿತು. "ನನ್ನ ತೊಟ್ಟಿ ನೀರು ಕಡಲಿಗೆ ಎಲ್ಲಿ ಹೋಗುತ್ತದೆ?" ಅಂದ ಭಾವ. ಅದೂ ಹೌದು. ಅವನ ಮೋರಿ ಬೆಳ್ಳಂದೂರು ಕೆರೆ ದಾಟಿ, ದಕ್ಷಿಣ ಪಿನಾಕಿನಿ ಸೇರಿ, ತಮಿಳುನಾಡು ಹಾದು ಕಡಲೂರಿಗೆ ಮುಟ್ಟಬೇಕು. ಬೆಳ್ಳಂದೂರಿನ ನೊರೆ ದಾಟಿ ಬದುಕುವ ಗಿಡ ಹುಟ್ಟಿದ್ದರೆ ಅದಕ್ಕೆ ಕೈಮುಗಿಯಬೇಕು. ಆದರೂ ಬೇಡ ಅಂದೆ, ಬಿಟ್ಟ.

ಕೊನೆಗೆ ಬೇಕಾದದ್ದು ಸಿಕ್ಕಿತು. ಅಲ್ವಾ, ಅಂದರೆ ಕಡಲ ಲೆಟಿಸ್. ತೆಳ್ಳಗೆ, ಒದ್ದೆಯಾದ ಗಿಳಿಹಸಿರು ಪ್ಲಾಸ್ಟಿಕ್ಕಿನಂತೆ. ಇಡೀ ಎಲೆಯ ದಪ್ಪ ಎರಡೇ ಎರಡು ಜೀವಕೋಶ. ಹಿಂದೆ ಬೆರಳಿಟ್ಟರೆ ಉಗುರು ಕಾಣುತ್ತದೆ. ಒಂದು ಕಡೆಯಂತೂ ಎಷ್ಟು ದಟ್ಟವಾಗಿತ್ತು ಎಂದರೆ ಬಂಡೆಯೇ ಕಾಣುತ್ತಿರಲಿಲ್ಲ. ಭಾವ ನಿಧಿ ಕಂಡವನಂತೆ ಕತ್ತರಿ ತೆಗೆದ.

ಆಗ ಆಚೆ ಬಂಡೆಯಲ್ಲಿ ನೀಲಿಕಲ್ಲು ಎಂಬ ಚಿಪ್ಪು ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅದು ಎಂತಕ್ರಾ ನಿಮ್ಗೆ?"

"ಮೀನಿಗೆ."

"ಗಾಳಕ್ರಾ?"

"ಅಲ್ಲ, ಸಾಕಿದ ಮೀನಿಗೆ. ತಿನ್ನಲಿಕ್ಕೆ."

ಆಕೆ ಭಾವನನ್ನು ಟಾರ್ಚಿನಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿದಳು. ಮೀನು ತಿನ್ನದವರು ಮೀನಿಗೆ ಊಟ ಹೊರುವುದನ್ನು ಆಕೆ ಬದುಕಿನಲ್ಲಿ ಮೊದಲ ಸಲ ನೋಡಿರಬೇಕು. ಆದರೆ ಹೇಳಿದ ಮಾತು ಲಕ್ಷ ರೂಪಾಯಿಯದ್ದು. "ಅಲ್ಲಿದ್ದು ಕುಯ್ಬೇಡ್ರಾ. ಮೇಲೆ ಗಟಾರ ಬಂದು ಬೀಳ್ತದೆ ಅಲ್ಲಿ. ಅದ್ಕೇ ಅಷ್ಟು ಹಸ್ರು."

ನೋಡಿದರೆ ಹೌದು, ಗಿಡಗಂಟಿಯ ಮರೆಯಲ್ಲಿ ಒಂದು ಕಪ್ಪು ನೀರಿನ ಸೆಲೆ ಇಳಿಯುತ್ತಿತ್ತು. ಅಲ್ವಾದ ಗುಣವೇ ಅದು. ಗಟಾರದ ನೈಟ್ರೇಟು ಎಂದರೆ ಅದಕ್ಕೆ ಹಟ್ಟಿಗೊಬ್ಬರ ಇದ್ದಂತೆ. 2008ರ ಒಲಿಂಪಿಕ್ಸಿಗೆ ಚೀನಾದ ಚಿಂಗ್‌ಡಾವ್‌ನಲ್ಲಿ ಹಾಯಿದೋಣಿ ಸ್ಪರ್ಧೆ ಇದ್ದಾಗ ಇದೇ ಕುಲದ ಪಾಚಿ ಕಡಲನ್ನು ಹುಲ್ಲುಗಾವಲು ಮಾಡಿ, ಸಾವಿರಾರು ಜನ ಇಳಿದು ಬಾಚಿ ತೆಗೆಯಬೇಕಾಯಿತು. ಮೈಯೆಲ್ಲ ಬಾಯಿ ಅಂದೆನಲ್ಲ? ಗೊಬ್ಬರ ಹೀರುವ ಬಾಯಿಯೇ ಸತು, ಸೀಸ, ತಾಮ್ರ ಇದ್ದರೆ ಅದನ್ನೂ ಹೀರುತ್ತದೆ. ತಾಮ್ರ ತೊಟ್ಟಿಗೆ ಬಿದ್ದರೆ ಭಾವನ ಸಿಗಡಿ, ಹವಳ ಎಲ್ಲ ಶಿವಾರ್ಪಣ. ನಾವು ಪೇಟೆಯಲ್ಲಿ ಹರಿವೆ ಕೊಳ್ಳುವಾಗಲೂ ಹೀಗೇ ಅಲ್ಲವೇ, ಅತಿ ಸೊಂಪಾಗಿದ್ದರೆ ಯಾವ ಮೋರಿ ಪಕ್ಕದ್ದೋ ಎಂದು ಅನುಮಾನ.

ಆಕೆಯೇ ಮುಂದೆ ನಡೆದು, ತೆರೆ ನೇರ ಬಡಿಯುವ ಮೂತಿಯ ಬಂಡೆ ತೋರಿಸಿದಳು. ಅಲ್ಲಿನ ಅಲ್ವಾ ಗಿಡ್ಡ, ಸ್ವಲ್ಪ ಗಟ್ಟಿ, ಹರಿದ ಅಂಚು. ಹಿಡಿಕೆ ಬಂಡೆಯಲ್ಲೇ ಉಳಿಯಲಿ ಎಂದು ಕತ್ತರಿಯಲ್ಲಿ ಮೇಲಿಂದ ಮೇಲೆ ಸವರಿದೆವು. ಬಿಟ್ಟ ಬುಡ ಮತ್ತೆ ಚಿಗುರುತ್ತದೆ. ಪಕ್ಕದಲ್ಲಿ ಕೆಂಪು ನೂಲಿನಂಥ ಗ್ರಾಸಿಲೇರಿಯ ಒಂದು ಹಿಡಿ ಸಿಕ್ಕಿತು. ಅದು ನಮಗೆ ಹೊಸದಲ್ಲ; ಕಿರಾಣಿ ಅಂಗಡಿಯಲ್ಲಿ ಚೀನಾ ಗ್ರಾಸ್ ಎಂದು ಕೊಂಡು ಹಾಲಿನಲ್ಲಿ ಕುದಿಸಿ ಕತ್ತರಿಸಿ ತಿನ್ನುತ್ತೇವಲ್ಲ, ಅದು ಇಂಥ ಕೆಂಪು ಕಳೆಗಳ ಸಾರವೇ. ಅಂದರೆ ಅತ್ತೆ ಎಷ್ಟೋ ಏಕಾದಶಿಗೆ ಕಡಲಕಳೆ ತಿಂದಿದ್ದಾರೆ. ನಾನು ಅದನ್ನು ಇನ್ನೂ ಹೇಳಿಲ್ಲ.

ಮನೆಗೆ ತಂದು ಸಿಹಿನೀರಿನ ಬಕೆಟ್ಟಿಗೆ ಹಾಕಿದ ಕೂಡಲೇ ಸಂತೆ ಎದ್ದಿತು. ಅಕ್ಕಿಕಾಳಿನಷ್ಟು ಸಿಗಡಿಯ ತಮ್ಮಂದಿರು ಪುಟುಪುಟು ಹಾರಿದವು, ಒಂದು ಕೂದಲುಹುಳ ಸುತ್ತಿ ಸುತ್ತಿ ಹೊರಬಿತ್ತು, ಕಡಲೆಕಾಳಿನಷ್ಟು ಏಡಿಯೊಂದು ಬಕೆಟ್ಟಿನ ಅಂಚು ಹತ್ತಿ ಬಚ್ಚಲಿನ ತೂಬಿನತ್ತ ಓಡಿತು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಬಚ್ಚಲಿನಲ್ಲಿ ಕಿರುಚಿದ್ದು ಅದಕ್ಕೇ. ಉಪ್ಪುನೀರಿನ ಜೀವಕ್ಕೆ ಸಿಹಿನೀರು ಮೈಯೊಳಗೆ ನುಗ್ಗಿ ಉಬ್ಬಿಸುತ್ತದೆ, ತಾಳುವುದಿಲ್ಲ. ಬಿಳಿಚುಕ್ಕಿ ರೋಗದ ಗೂಡು ಮಾತ್ರ ಇಷ್ಟಕ್ಕೆ ಸಾಯುವುದಿಲ್ಲ. ಪೌಡರ್ ಬ್ಲೂ ಮೀನಿಗೆ ಆ ಚುಕ್ಕಿ ಬೇಗ ಹತ್ತುತ್ತದೆ ಎಂದು ಭಾವನಿಗೆ ಹೆದರಿಕೆ. ಪೂರ್ತಿ ಒಣಗಿಸಿದರೆ ಆ ಗೂಡೂ ಸಾಯುತ್ತದೆ. ಹಾಗೆ ಅರ್ಧ ಮಾಳಿಗೆಯ ಮೇಲೆ ಹಪ್ಪಳದ ಚಾಪೆಗೆ ಹೋಯಿತು. ಅತ್ತೆ ಅದರ ಪಕ್ಕ ಕೂತು ಕಾಗೆ ಓಡಿಸಿದರು. "ಇದ್ರ ತಂಬ್ಳಿ ಆಗ್ತಾ?" ಎಂದು ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ, "ಉಪ್ಪು ಹಾಕುದು ಬ್ಯಾಡ, ಅದೇ ಒಂದು ಲಾಭ" ಅಂದರು.

ಇನ್ನರ್ಧ ಹಸಿಯಾಗಿಯೇ ಬೇಕು ಎಂದು ಭಾವ ಹಟ ಹಿಡಿದ. ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಚೀಲ, ಗಂಟು. ರಾತ್ರಿ ಬಸ್ಸಿನ ಮಲಗುವ ಸೀಟಿನಲ್ಲಿ ತಲೆಯ ಹತ್ತಿರ ಇಟ್ಟುಕೊಂಡ. ಅಲ್ವಾ ಗಾಳಿಯಿಲ್ಲದೆ ಕೊಳೆತರೆ ಬರುವುದು ಹೈಡ್ರೋಜನ್ ಸಲ್ಫೈಡ್; ಕೊಳೆತ ಮೊಟ್ಟೆಯ ವಾಸನೆ. ಹುಬ್ಬಳ್ಳಿ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಒಬ್ಬೊಬ್ಬರೇ ಎದ್ದು ಕೂತು ಒಬ್ಬರನ್ನೊಬ್ಬರು ಅನುಮಾನದಿಂದ ನೋಡತೊಡಗಿದರಂತೆ. ಕಂಡಕ್ಟರು ಟಾರ್ಚು ಹಿಡಿದು ಸೀಟು ಸೀಟು ಮೂಸಿಕೊಂಡು ಬಂದನಂತೆ. ಭಾವ ಹೊದಿಕೆ ಎಳೆದುಕೊಂಡು ಗೊರಕೆ ಹೊಡೆದ. ಚೀಲ ಹಾವೇರಿಯ ಹತ್ತಿರ ಕಿಟಕಿಯಿಂದ ಹೊರಗೆ ಹೋಯಿತು. ಇದನ್ನು ಅಕ್ಕ ಹೇಳಿದ್ದು. ಭಾವ ಈಗಲೂ ಒಪ್ಪುವುದಿಲ್ಲ.

ಉಳಿದದ್ದು ಮಾಳಿಗೆಯ ಒಣಸೊಪ್ಪು. ನಾನು ಕೊರಿಯರ್ ಮಾಡಿದೆ. ಮೊದಲ ದಿನ ಮೀನು ಕ್ಲಿಪ್ಪಿನ ಹತ್ತಿರ ಬಂದು, ತಿರುಗಿ, ಬಾಲ ತೋರಿಸಿ ಹೋಯಿತಂತೆ. ಎರಡನೆಯ ದಿನವೂ ಅಷ್ಟೆ. ಹೊಸ ಅಳಿಯ ಮುನಿಸಿಕೊಂಡಂತೆ ಮನೆಯೆಲ್ಲ ಮಂಕು. ಮೂರನೆಯ ದಿನ ಒಂದು ಎಳೆ ಕಿತ್ತು ತಿಂದಿತು, ಮತ್ತೆ ಬಂತು, ಆಮೇಲೆ ಕ್ಲಿಪ್ಪು ಖಾಲಿ. ಭಾವ ವಿಡಿಯೋ ಕಳಿಸಿದ. ಮೀನಿಗಿಂತ ಹಿಂದಿನ ಗಾಜು ನನ್ನ ಕಣ್ಣಿಗೆ ಬಿತ್ತು, ಕಡುಹಸಿರಾಗಿ ರೋಮದಂತೆ ಬೆಳೆದಿತ್ತು.

"ಹಿಂದಿನ ಗಾಜು ಉಜ್ಜಲಿಲ್ಲವಾ?"

"ಊರಿಗೆ ಹೋದಾಗ ಅಮ್ಮ ಬಾಗಿಲು ಹಾಕುವ ಮೊದಲು ಒರೆಸುಕಡ್ಡಿ ಎಲ್ಲೋ ಎತ್ತಿಟ್ಟಿದ್ದಾಳೆ. ಈಗ ಕೊಡುವುದಿಲ್ಲ ಅನ್ನುತ್ತಾಳೆ. ಅದು ಅದರ ಹಿತ್ತಲಡ, ಇರಲಿ ಬಿಡು ಅಂತಾಳೆ. ದಿನಾ ಬೆಳಿಗ್ಗೆ ಅಲ್ಲೇ ಮೇಯುತ್ತಿದೆ ಮಾರಾಯ, ಮೈ ತುಂಬಿಕೊಂಡಿದೆ."

ನಾನು ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಬೇಕಾದಷ್ಟು ಇತ್ತು.

ಎರಡು ವಾರ ಬಿಟ್ಟು ಮತ್ತೆ ಫೋನು. "ಬರುವ ಹುಣ್ಣಿಮೆ ಯಾವತ್ತು? ಇಳಿತ ಚೆನ್ನಾಗಿದ್ದರೆ ಒಂದು ಚೀಲ ಸೊಪ್ಪು ಕೊಯ್ದು ಒಣಗಿಸಿ ಕಳಿಸಬಹುದಾ?"

"ಮೀನಿಗೆ ಇನ್ನೂ ಬೇಕಾ?"

"ಮೀನಿಗಲ್ಲ. ಅಮ್ಮ ಉಳಿದದ್ದನ್ನು ತೊಳೆದು ಬಾಲ್ಕನಿಯ ಮಲ್ಲಿಗೆ ಬುಡಕ್ಕೆ ಹಾಕಿದ್ದಳು. ಮೊಗ್ಗು ಹಿಡಿದಿದೆ."